ಅಪಾರ್ಟ್‌ಮೆಂಟಿನ ಹಿಂದೆ ತಾಯಿಬೆಕ್ಕು, ನಾಲ್ಕು ಮರಿಗಳು: ಶೆಲ್ಟರ್‌ಗೆ ಒಪ್ಪಿಸಬೇಕೆ?

ಓದುಗರ ಪ್ರಶ್ನೆ: "ಡಾಕ್ಟರೇ, ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಕಾರು ನಿಲ್ಲಿಸುವ ಜಾಗದ ಹಿಂದಿನ ಪೊದೆಯಲ್ಲಿ ಒಂದು ಬೂದುಬಣ್ಣದ ಬೆಕ್ಕು ನಾಲ್ಕು ಮರಿ ಹಾಕಿದೆ. ಮರಿಗಳು ಕಣ್ಣು ಬಿಟ್ಟು ತಡವರಿಸುತ್ತ ನಡೆಯಲು ಶುರುಮಾಡಿವೆ. ತಾಯಿ ಮಾತ್ರ ನಾವು ಹತ್ತಿರ ಹೋದರೆ ಬುಸುಗುಟ್ಟಿ ಓಡುತ್ತದೆ. ಶಿವಮೊಗ್ಗದಿಂದ ಬಂದಿರುವ ನಮ್ಮ ಅತ್ತೆ ದಿನಾ ಹಾಲು, ಅನ್ನ ಇಡುತ್ತಿದ್ದಾರೆ. ಈಗ ಮ್ಯಾನೇಜರ್ ಅವರು ಬೆಕ್ಕುಗಳನ್ನು ಹಿಡಿದುಕೊಂಡು ಹೋಗಲು ಅನಿಮಲ್ ಕಂಟ್ರೋಲ್‌ನವರನ್ನು ಕರೆಸುತ್ತೇವೆ ಎಂದು ನೋಟಿಸ್ ಅಂಟಿಸಿದ್ದಾರೆ. ಹಿಡಿದ ಪ್ರಾಣಿಗಳನ್ನು ಇಡುವ ಶೆಲ್ಟರ್‌ನಲ್ಲಿ ಮೂರೇ ದಿನಕ್ಕೆ ಇಂಜೆಕ್ಷನ್ ಕೊಟ್ಟು ಸಾಯಿಸುತ್ತಾರೆ ಎಂದು ಗೆಳತಿಯೊಬ್ಬರು ಹೇಳಿದರು. ಇನ್ನೊಬ್ಬರು, ಹಾಗೇನಿಲ್ಲ, ಒಳ್ಳೆಯ ಮನೆ ಹುಡುಕಿ ಕೊಡುತ್ತಾರೆ ಎಂದರು. ಊಟ ಹಾಕುವುದು ನಿಲ್ಲಿಸಿದರೆ ತಾನಾಗಿ ಹೋಗುತ್ತವೆ ಎನ್ನುವುದು ನಮ್ಮ ಯಜಮಾನರ ಅಭಿಪ್ರಾಯ. ಆಪರೇಷನ್ ಮಾಡಿಸೋಣವೆಂದರೆ ಮೂಕಪ್ರಾಣಿಯ ಸಂತಾನ ತಪ್ಪಿಸುವುದು ಪಾಪ ಎಂದು ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ. ನಾವು ಏನು ಮಾಡಬೇಕು?"

ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಈ ಐದು ಜೀವಗಳನ್ನು ಶೆಲ್ಟರ್‌ಗೆ ಒಪ್ಪಿಸಿದರೆ ಅವುಗಳ ಸಾವಿಗೆ ನಾವೇ ಕಾರಣರಾಗುತ್ತೇವೆಯೇ ಎಂಬುದು ಒಂದು. ಇಲ್ಲಿಯೇ ಬಿಟ್ಟರೆ ಮುಂದಿನ ವರ್ಷ ಐದು ಹೋಗಿ ಹದಿನೈದಾಗುತ್ತವೆಯೇ ಎಂಬುದು ಇನ್ನೊಂದು. ಎರಡೂ ಭಯಗಳಿಗೆ ಆಧಾರವಿದೆ, ಎರಡಕ್ಕೂ ಪರಿಹಾರವಿದೆ. ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ಐದನ್ನೂ ಒಟ್ಟಿಗೆ ಹಿಡಿಸಿ ಕಳುಹಿಸಬೇಡಿ; ಮರಿಗಳನ್ನು ಸರಿಯಾದ ವಯಸ್ಸಿನಲ್ಲಿ ತೆಗೆದು ಪಳಗಿಸಿ ಮನೆಗಳಿಗೆ ಸೇರಿಸಿ; ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಅದೇ ಜಾಗಕ್ಕೆ ತಂದು ಬಿಡಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ, ಆಮೇಲೆ ಈ ದೇಶದ ಶೆಲ್ಟರ್‌ಗಳಲ್ಲಿ ವೈದ್ಯಕೀಯ ಕೆಲಸ ಮಾಡುತ್ತ ಬಂದ ಅನುಭವದಿಂದ ನನಗೆ ದೃಢವಾಗಿರುವ ವಿಷಯವೆಂದರೆ, ಶೆಲ್ಟರ್‌ನಲ್ಲಿ ಸಾಯುವ ಬೆಕ್ಕನ್ನು ಉಳಿಸುವ ಕೆಲಸದ ಬಹುಪಾಲು ಆ ಬೆಕ್ಕು ಶೆಲ್ಟರ್‌ನ ಬಾಗಿಲಿಗೆ ಬರುವ ಮೊದಲೇ ಆಗಬೇಕು. ಒಳಗೆ ಬಂದ ಮೇಲೆ ವೈದ್ಯರ ಕೈಯಲ್ಲಿ ಉಳಿಯುವ ದಾರಿಗಳು ಕಡಿಮೆ.

ಮೊದಲು "ಮೂರು ದಿನ" ಎಂಬ ಮಾತನ್ನು ತೆಗೆದುಕೊಳ್ಳೋಣ. ಇದು ಪೂರ್ತಿ ಕಟ್ಟುಕಥೆಯಲ್ಲ, ಪೂರ್ತಿ ನಿಜವೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಹೇಡನ್ ಕಾಯ್ದೆ ಎಂಬ ಶಾಸನ ಬಂತು. ದತ್ತು ಹೋಗಬಲ್ಲ ಪ್ರಾಣಿಯನ್ನು ಕೊಲ್ಲಬಾರದು ಎಂಬುದನ್ನು ಅದು ರಾಜ್ಯದ ನೀತಿಯೆಂದು ಘೋಷಿಸಿ, ವಾರಸುದಾರರಿಲ್ಲದೆ ಬಂದ ಬೆಕ್ಕನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ಕೆಲಸದ ದಿನ ಇಟ್ಟುಕೊಳ್ಳಬೇಕೆಂದು ವಿಧಿಸಿತು. ಆದರೆ ಮನುಷ್ಯರಿಗೆ ಪಳಗದ ಬೆಕ್ಕಿಗೆ ಅದೇ ಕಾಯ್ದೆಯಲ್ಲಿ ಬೇರೆ ನಿಯಮವಿದೆ: ಮೊದಲ ಮೂರು ದಿನಗಳಲ್ಲಿ ವಾರಸುದಾರರು ಬಾರದಿದ್ದರೆ, ಅದು ನಿಜಕ್ಕೂ ಪಳಗದ್ದೇ ಎಂದು ಪರೀಕ್ಷಿಸಿದ ನಂತರ, ಅದನ್ನು ಕೊಲ್ಲಲು ಅಥವಾ ರಕ್ಷಣಾ ಸಂಸ್ಥೆಗೆ ಒಪ್ಪಿಸಲು ಅವಕಾಶವಿದೆ. ನಿಮ್ಮ ಗೆಳತಿಯವರ ಮಾತಿನ ಬೇರು ಬಹುಶಃ ಇಲ್ಲಿದೆ. ಅದು ಅನುಮತಿಯೇ ಹೊರತು ಆಜ್ಞೆಯಲ್ಲ. ಆದರೂ ನೀವು ವರ್ಣಿಸಿದ ತಾಯಿಬೆಕ್ಕು, ಬುಸುಗುಟ್ಟಿ ಓಡುವ ಬೆಕ್ಕು, ಆ ನಿಯಮದ ವ್ಯಾಪ್ತಿಗೇ ಬರುವಂಥದ್ದು. ಹೆದರಿದ ಸಾಕುಬೆಕ್ಕು ಮತ್ತು ಪಳಗದ ಬೆಕ್ಕು, ಎರಡೂ ಪಂಜರದ ಮೂಲೆಯಲ್ಲಿ ಒಂದೇ ರೀತಿ ಕಾಣುತ್ತವೆ. ಅನುಭವಿ ಸಿಬ್ಬಂದಿಗೂ ಮೂರು ದಿನದಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ.

ದೇಶದ ಮಟ್ಟದಲ್ಲಿ ನೋಡಿದರೆ ಪರಿಸ್ಥಿತಿ ಸುಧಾರಿಸಿದೆ. ಎಎಸ್‌ಪಿಸಿಎ ಎಂಬ ಅಮೆರಿಕದ ಪ್ರಾಣಿದಯಾ ಸಂಸ್ಥೆಯ ಅಂದಾಜಿನಂತೆ 2011ರಲ್ಲಿ ಅಮೆರಿಕದ ಶೆಲ್ಟರ್‌ಗಳಲ್ಲಿ ಕೊಲ್ಲಲಾದ ನಾಯಿ, ಬೆಕ್ಕುಗಳು ಸುಮಾರು 26 ಲಕ್ಷ. 2019ರ ಹೊತ್ತಿಗೆ ಆ ಸಂಖ್ಯೆ 9.2 ಲಕ್ಷಕ್ಕೆ ಇಳಿದಿತ್ತು. ಆದರೆ ಆ 9.2 ಲಕ್ಷದಲ್ಲಿ 5.3 ಲಕ್ಷ ಬೆಕ್ಕುಗಳೇ. ಅದೇ ಅಂದಾಜಿನಲ್ಲಿ ದಾರಿ ತಪ್ಪಿ ಬಂದ ನಾಯಿಗಳಲ್ಲಿ 7.1 ಲಕ್ಷ ತಮ್ಮ ಮನೆಗೆ ಮರಳಿದರೆ, ಮರಳಿದ ಬೆಕ್ಕುಗಳು ಕೇವಲ 1 ಲಕ್ಷ. ಬೆಕ್ಕು ಕಾಣದಿದ್ದರೆ ಎರಡು ದಿನ ಬಿಟ್ಟು ಬರುತ್ತದೆ ಎಂದು ಮನೆಯವರು ಕಾಯುತ್ತಾರೆ, ಕುತ್ತಿಗೆಪಟ್ಟಿಯಾಗಲಿ, ವಾರಸುದಾರರನ್ನು ಪತ್ತೆಹಚ್ಚಲು ಚರ್ಮದಡಿ ಇಡುವ ಮೈಕ್ರೋಚಿಪ್ ಆಗಲಿ ಇರುವುದಿಲ್ಲ, ಹುಡುಕಿಕೊಂಡು ಶೆಲ್ಟರ್‌ಗೆ ಬರುವಷ್ಟರಲ್ಲಿ ಕಾಲಾವಧಿ ಮುಗಿದಿರುತ್ತದೆ. ನೀವು ಮುಂದೆ ಯಾವುದೇ ಬೆಕ್ಕನ್ನು ಸಾಕಿದರೂ ಚಿಪ್ ಹಾಕಿಸಿ ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಇನ್ನು, ಆರೋಗ್ಯವಂತ ಬೆಕ್ಕು ಒಳಗೆ ಬಂದು ಏಕೆ ಸಾಯುತ್ತದೆ? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ನಿರ್ಧಾರ ಇದರ ಮೇಲೆ ನಿಂತಿದೆ. ಅತಿ ಹೆಚ್ಚಿನ ಅಪಾಯದಲ್ಲಿರುವವು ಇನ್ನೂ ಹಾಲು ಬಿಡದ ಮರಿಗಳು. ತಾಯಿಯಿಲ್ಲದ ಎಳೆಮರಿಗೆ ಹಗಲಿರುಳೆನ್ನದೆ ಎರಡು ಮೂರು ಗಂಟೆಗೊಮ್ಮೆ ಬಾಟಲಿಯಲ್ಲಿ ಉಣಿಸಬೇಕು, ಬೆಚ್ಚಗಿಡಬೇಕು, ಒದ್ದೆ ಹತ್ತಿಯಿಂದ ಒರೆಸಿ ಮಲಮೂತ್ರ ಮಾಡಿಸಬೇಕು. ಸಂಜೆ ಬೀಗ ಹಾಕಿ ಮನೆಗೆ ಹೋಗುವ ಸಿಬ್ಬಂದಿಯಿರುವ ಕಟ್ಟಡದಲ್ಲಿ ಇದು ಸಾಧ್ಯವಿಲ್ಲ. ವಸಂತದಿಂದ ಶರತ್ಕಾಲದವರೆಗಿನ ಮರಿಗಳ ಋತುವಿನಲ್ಲಿ, ಜನರು ಒಳ್ಳೆಯ ಮನಸ್ಸಿನಿಂದಲೇ, ತಾಯಿ ಆಹಾರ ಹುಡುಕಿಕೊಂಡು ಹೋದ ಹೊತ್ತಿನಲ್ಲಿ ಮರಿಗಳನ್ನು ಅನಾಥವೆಂದು ತಿಳಿದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ತರುತ್ತಾರೆ. ಬಾಟಲಿ ಹಿಡಿಯುವ ಕೈಗಳು ಆ ದಿನ ಸಿಗದಿದ್ದರೆ ಆ ಪೆಟ್ಟಿಗೆಯ ಕಥೆ ಅಲ್ಲಿಗೇ ಮುಗಿಯುತ್ತದೆ. ಎರಡನೆಯವು ಪಳಗದ ದೊಡ್ಡ ಬೆಕ್ಕುಗಳು. ಅವುಗಳನ್ನು ದತ್ತು ಕೊಡಲಾಗುವುದಿಲ್ಲ, ಪಂಜರದಲ್ಲಿ ತಿಂಗಳುಗಟ್ಟಲೆ ಇಡುವುದೂ ಹಿಂಸೆಯೇ. ಮೂರನೆಯವು ಒಳಗೆ ಬಂದ ಮೇಲೆ ಕಾಯಿಲೆ ಬೀಳುವಂಥವು. ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳು ತರುವ ಬೆಕ್ಕಿನ ನೆಗಡಿ ಮನೆಯಲ್ಲಿ ಹತ್ತು ದಿನಕ್ಕೆ ವಾಸಿಯಾಗಬಹುದಾದ ರೋಗ. ಆದರೆ ಭಯದಲ್ಲಿರುವ ನೂರಾರು ಬೆಕ್ಕುಗಳು ಒಂದೇ ಸೂರಿನಡಿ ಇದ್ದಾಗ ಅದು ಪಂಜರದಿಂದ ಪಂಜರಕ್ಕೆ ಹರಡುತ್ತದೆ, ಮತ್ತು ಜಾಗವಿಲ್ಲದ ದಿನ ಸೀನುವ ಬೆಕ್ಕಿನ ಹೆಸರೇ ಮೊದಲು ಪಟ್ಟಿಗೆ ಸೇರುತ್ತದೆ. ಈ ಮೂರೂ ಗುಂಪುಗಳಿಗೆ ಮೂಲ ಕಾರಣ ಒಂದೇ: ಒಳಬರುವ ಸಂಖ್ಯೆ.

ಇಂಜೆಕ್ಷನ್ನಿನಿಂದ ನೋವಾಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ; ನಿಮ್ಮ ಮನಸ್ಸಿನಲ್ಲೂ ಆ ಪ್ರಶ್ನೆ ಇರಬಹುದು. ಬಳಸುವುದು ಪೆಂಟೋಬಾರ್ಬಿಟಾಲ್ ಎಂಬ ಔಷಧ. ಅರಿವಳಿಕೆಯ ಗುಂಪಿಗೇ ಸೇರಿದ ಇದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು ಮತ್ತು ಹೃದಯ ನಿಲ್ಲುತ್ತವೆ. ಸರಿಯಾಗಿ ಮಾಡಿದರೆ ಸಾವಿನ ಕ್ಷಣದಲ್ಲಿ ನೋವಿಲ್ಲ. ಪಳಗದ ಬೆಕ್ಕಿಗೆ ಸಂಕಟವಿರುವುದು ಅದಕ್ಕೆ ಮುಂಚಿನ ಗಂಟೆಗಳಲ್ಲಿ, ಗುರುತಿಲ್ಲದ ವಾಸನೆ, ನಾಯಿಗಳ ಬೊಗಳುವಿಕೆ ಮತ್ತು ಮನುಷ್ಯರ ಕೈಗಳ ನಡುವೆ. ವಾಸಿಯಾಗದ ರೋಗದಿಂದ ನರಳುವ ಪ್ರಾಣಿಗೆ ದಯಾಮರಣ ನಿಜವಾದ ದಯೆ. ಅದನ್ನು ನಾನು ಎಂದೂ ವಿರೋಧಿಸುವುದಿಲ್ಲ. ಜಾಗವಿಲ್ಲವೆಂಬ ಕಾರಣಕ್ಕೆ ಗಟ್ಟಿಮುಟ್ಟಾದ ಪ್ರಾಣಿಗೆ ಅದನ್ನು ಕೊಡುವುದು ಬೇರೆಯೇ ವಿಷಯ, ಮತ್ತು ಅದನ್ನು ಮಾಡಬೇಕಾಗಿ ಬರುವ ಸಿಬ್ಬಂದಿಯನ್ನು ದೂಷಿಸುವುದೂ ನ್ಯಾಯವಲ್ಲ. "ನೋ ಕಿಲ್" ಎಂಬ ಫಲಕವಿರುವ ಸಂಸ್ಥೆಗಳ ಬಗ್ಗೆಯೂ ತಿಳಿದಿರಲಿ: ಬಂದ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತನ್ನು ಉಳಿಸಿದರೆ ಆ ಹೆಸರು ಬಳಸುವುದು ರೂಢಿ, ಮತ್ತು ಅವುಗಳಲ್ಲಿ ಹಲವು ಜಾಗ ಇದ್ದಷ್ಟೇ ಪ್ರಾಣಿಗಳನ್ನು ತೆಗೆದುಕೊಳ್ಳುತ್ತವೆ. ನೀವು ಬೋನು ಹಿಡಿದು ಹೋದ ದಿನ ಜಾಗವಿಲ್ಲ ಎಂದು ಅವರು ಹೇಳಬಹುದು.

ನಿಮ್ಮ ಊರಿನಲ್ಲಿಯೇ ನಡೆದ ಒಂದು ಪ್ರಯೋಗವನ್ನು ನಿಮ್ಮ ಮ್ಯಾನೇಜರ್ ಅವರಿಗೂ ಹೇಳಬೇಕು. 2009ರಲ್ಲಿ ಸ್ಯಾನ್ ಹೋಸೆ ನಗರದ ಶೆಲ್ಟರ್‌ಗೆ ಬಂದ ಬೆಕ್ಕುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾಯುತ್ತಿದ್ದವು. 2010ರ ಮಾರ್ಚ್‌ನಿಂದ ಅಲ್ಲಿ ಕ್ರಮ ಬದಲಾಯಿತು. ಆರೋಗ್ಯವಾಗಿರುವ ಪಳಗದ ಬೆಕ್ಕನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಟ್ಟರು. 2014ರ ಜೂನ್‌ವರೆಗೆ ಹೀಗೆ ಮರಳಿದ ಬೆಕ್ಕುಗಳು 10,080. ಆ ಅವಧಿಯಲ್ಲಿ ಶೆಲ್ಟರ್‌ಗೆ ಬರುವ ಬೆಕ್ಕು, ಮರಿಗಳ ಸಂಖ್ಯೆ ಶೇಕಡ 29ರಷ್ಟು ಇಳಿಯಿತು, ಸಾವಿನ ಪ್ರಮಾಣ ಶೇಕಡ 23ಕ್ಕೆ ಬಂತು, ಬೆಕ್ಕಿನ ನೆಗಡಿಯ ಕಾರಣಕ್ಕೆ ಕೊಲ್ಲುವುದು ಶೇಕಡ 99ರಷ್ಟು ಕಡಿಮೆಯಾಯಿತು. ಈ ಕೊನೆಯ ಅಂಕಿ ವೈದ್ಯನಾಗಿ ನನಗೆ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆ: ಹೊಸ ಔಷಧ ಬಂದದ್ದರಿಂದ ಹೀಗಾಗಲಿಲ್ಲ, ಒಳಗಿನ ಇಕ್ಕಟ್ಟು ಕಡಿಮೆಯಾದದ್ದೇ ದೊಡ್ಡ ಚಿಕಿತ್ಸೆಯಾಯಿತು. ಬೀದಿಯಲ್ಲಿ ಸತ್ತು ಬಿದ್ದು ನಗರಸಭೆಯವರು ಎತ್ತಬೇಕಾದ ಬೆಕ್ಕುಗಳೂ ಕಡಿಮೆಯಾದವು, ಆದ್ದರಿಂದ ಸಾವು ಶೆಲ್ಟರ್‌ನಿಂದ ಬೀದಿಗೆ ವರ್ಗವಾಯಿತು ಎನ್ನುವ ಆಕ್ಷೇಪ ಅಲ್ಲಿ ನಿಲ್ಲುವುದಿಲ್ಲ.

ಈ ಕ್ರಮಕ್ಕೆ ಒಂದು ಕಟ್ಟುನಿಟ್ಟಾದ ಷರತ್ತಿದೆ. ಇಲ್ಲೊಂದು ಅಲ್ಲೊಂದು ಬೆಕ್ಕಿಗೆ ಆಪರೇಷನ್ ಮಾಡಿಸಿದರೆ ಸಂಖ್ಯೆ ಇಳಿಯುವುದಿಲ್ಲ. ಒಂದು ಜಾಗದಲ್ಲಿರುವ ಬೆಕ್ಕುಗಳಲ್ಲಿ ಹೆಚ್ಚಿನವು, ಸಾಧ್ಯವಾದರೆ ಎಲ್ಲವೂ, ಸ್ವಲ್ಪ ಕಾಲದೊಳಗೆ ಮುಗಿಯಬೇಕು. ಫ್ಲಾರಿಡಾದ ಅಲಾಚುವಾ ಕೌಂಟಿಯಲ್ಲಿ ಒಂದೇ ಪಿನ್‌ಕೋಡ್ ಪ್ರದೇಶವನ್ನು ಆರಿಸಿಕೊಂಡು ಎರಡು ವರ್ಷದಲ್ಲಿ 2,366 ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದಾಗ ಆ ಪ್ರದೇಶದಿಂದ ಶೆಲ್ಟರ್‌ಗೆ ಬರುವ ಬೆಕ್ಕುಗಳು ಶೇಕಡ 66ರಷ್ಟು ಕಡಿಮೆಯಾದವು. ಕೌಂಟಿಯ ಉಳಿದ ಭಾಗದಲ್ಲಿ ಇಳಿಕೆ ಶೇಕಡ 12 ಮಾತ್ರ. ನಿಮ್ಮ ಅಪಾರ್ಟ್‌ಮೆಂಟಿನ ಹಿಂದೆ ತಾಯಿಯೊಂದೇ ಇರಲಾರದು. ಗಂಡುಬೆಕ್ಕು ಒಂದಾದರೂ ಸುತ್ತುತ್ತಿರುತ್ತದೆ. ಅದನ್ನೂ ಹಿಡಿಯಬೇಕು.

ನಿಮ್ಮ ಯಜಮಾನರ ಅಭಿಪ್ರಾಯದ ಬಗ್ಗೆ: ಊಟ ನಿಲ್ಲಿಸಿದರೆ ಬೆಕ್ಕುಗಳು ಹೋಗುತ್ತವೆ ಎಂಬುದು ಕೇಳಲು ಸರಿಯೆನಿಸಿದರೂ, ಅಪಾರ್ಟ್‌ಮೆಂಟಿನ ಕಸದ ತೊಟ್ಟಿ ಇರುವವರೆಗೆ ಅವು ಹೋಗುವುದಿಲ್ಲ, ಸೊರಗುತ್ತವೆ ಅಷ್ಟೆ. ಸೊರಗಿದ ಬೆಕ್ಕು ಗಬ್ಬವಾಗುವುದನ್ನೂ ನಿಲ್ಲಿಸುವುದಿಲ್ಲ. ಎಲ್ಲವನ್ನೂ ಹಿಡಿದು ಸಾಗಿಸಿದರೂ ಆಹಾರ ಮತ್ತು ಆಸರೆ ಇರುವ ಜಾಗಕ್ಕೆ ಪಕ್ಕದ ಬೀದಿಯ ಬೆಕ್ಕುಗಳು ಬಂದು ಸೇರುತ್ತವೆ, ಬಂದವು ಸಂತಾನಶಕ್ತಿ ಇರುವಂಥವೇ ಆಗಿರುತ್ತವೆ.

ಅತ್ತೆಯವರ ಸಂಕಟವನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮ ಊರುಗಳಲ್ಲಿ ಬೆಳೆದವರಿಗೆ ತಾಯ್ತನವನ್ನು ತಪ್ಪಿಸುವುದು ಕ್ರೌರ್ಯವೆನಿಸುವುದು ಸಹಜ. ಅವರಿಗೆ ಈ ಸಂಗತಿಗಳನ್ನು ಹೇಳಿ ನೋಡಿ. ಬೆಕ್ಕಿನ ಗರ್ಭಾವಧಿ ಒಂಬತ್ತು ವಾರ. ಮರಿ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಲ್ಲದು. ನಾಲ್ಕೈದು ತಿಂಗಳಿಗೇ ಹೆಣ್ಣುಮರಿಗಳು ಬೆದೆಗೆ ಬರುತ್ತವೆ. ಒಂದು ಜೋಡಿಯಿಂದ ಏಳು ವರ್ಷಕ್ಕೆ ನಾಲ್ಕು ಲಕ್ಷ ಬೆಕ್ಕುಗಳಾಗುತ್ತವೆ ಎಂದು ಪೋಸ್ಟರ್‌ಗಳಲ್ಲಿ ಬರೆಯುತ್ತಾರೆ. ಅದು ನಂಬತಕ್ಕ ಲೆಕ್ಕವಲ್ಲ, ಏಕೆಂದರೆ ಹುಟ್ಟಿದ ಮರಿಗಳೆಲ್ಲ ಬದುಕುತ್ತವೆ ಎಂದು ಅದು ಊಹಿಸುತ್ತದೆ. ಪಳಗದ ಬೆಕ್ಕುಗಳನ್ನು ಹಿಂಬಾಲಿಸಿ ಮಾಡಿದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ ಎಪ್ಪತ್ತೈದು ಮರಿಗಳು ಆರು ತಿಂಗಳು ತುಂಬುವುದರೊಳಗೆ ಸತ್ತವು ಅಥವಾ ಕಾಣೆಯಾದವು. ಸಂತಾನ ತಪ್ಪಿಸಿದಾಗ ನಾವು ತಪ್ಪಿಸುತ್ತಿರುವುದು ಹೆಚ್ಚಾಗಿ ಈ ಸಾವುಗಳನ್ನೇ. ಶಸ್ತ್ರಚಿಕಿತ್ಸೆಯಾದ ಹೆಣ್ಣಿಗೆ ಗರ್ಭಕೋಶದ ಕೀವುರೋಗ ಬರುವುದಿಲ್ಲ, ಎಳವೆಯಲ್ಲೇ ಮಾಡಿಸಿದರೆ ಕೆಚ್ಚಲಿನ ಕ್ಯಾನ್ಸರಿನ ಅಪಾಯ ತೀರ ಕಡಿಮೆಯಾಗುತ್ತದೆ. ಗಂಡುಗಳ ಕಾದಾಟ, ರಾತ್ರಿಯ ಕೂಗು ಮತ್ತು ಮೂತ್ರದ ಘಾಟು ತಗ್ಗುತ್ತವೆ. ಮ್ಯಾನೇಜರ್ ಅವರಿಗೆ ಬಂದಿರುವ ದೂರುಗಳಲ್ಲಿ ಅರ್ಧ ಇದರ ಬಗ್ಗೆಯೇ ಇರುತ್ತದೆ. ಅಪಾಯವೇ ಇಲ್ಲವೆಂದು ಹೇಳಲಾರೆ. ಅರಿವಳಿಕೆಯಲ್ಲಿ ಅಪರೂಪಕ್ಕೆ ಪ್ರಾಣಿಗಳು ಸಾಯುತ್ತವೆ, ಹೊಲಿಗೆ ಬಿಚ್ಚಿಕೊಳ್ಳುವುದೂ ಉಂಟು.

ಈಗ ನಿಮ್ಮ ಮರಿಗಳ ವಿಷಯ. ಕಣ್ಣು ಬಿಟ್ಟು ತಡವರಿಸಿ ನಡೆಯುತ್ತಿವೆ ಎಂದರೆ ಸುಮಾರು ಮೂರು ವಾರದ ಮರಿಗಳು. ಇನ್ನೂ ಒಂದೆರಡು ವಾರ ಅವುಗಳಿಗೆ ತಾಯಿಗಿಂತ ಉತ್ತಮ ದಾದಿಯಿಲ್ಲ. ದೂರದಿಂದ ನೋಡುತ್ತಿರಿ, ಪದೇ ಪದೇ ಪೊದೆಯೊಳಗೆ ಕೈ ಹಾಕಬೇಡಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮಲ್ಲಿ ಹೇಳುವುದರಲ್ಲಿ ಸತ್ಯವಿದೆ. ಅನುಮಾನ ಬಂದರೆ ತಾಯಿ ರಾತ್ರೋರಾತ್ರಿ ಜಾಗ ಬದಲಿಸುತ್ತದೆ, ಆಮೇಲೆ ಅವುಗಳನ್ನು ಹುಡುಕುವುದೇ ಕಷ್ಟ. ಮರಿಗಳು ತಾವಾಗಿ ಮೆತ್ತನೆಯ ಆಹಾರ ತಿನ್ನಲು ಶುರುಮಾಡುವ ಐದು ವಾರದ ಆಸುಪಾಸಿನಲ್ಲಿ ಅವುಗಳನ್ನು ಮನೆಯೊಳಗೆ ತರಬೇಕು. ಇದಕ್ಕಿಂತ ಬಹಳ ತಡಮಾಡುವಂತಿಲ್ಲ, ಏಕೆಂದರೆ ಮನುಷ್ಯರನ್ನು ನಂಬಲು ಕಲಿಯುವ ಕಾಲ ಬೆಕ್ಕಿಗೆ ಎರಡರಿಂದ ಏಳು ವಾರದವರೆಗೆ ಮಾತ್ರ ಚೆನ್ನಾಗಿ ತೆರೆದಿರುತ್ತದೆ. ಮೂರು ನಾಲ್ಕು ತಿಂಗಳ ಮರಿಯನ್ನು ಪಳಗಿಸುವುದು ತುಂಬ ಕಷ್ಟ. ಅದು ಮುಂದಿನ ಪಳಗದ ಬೆಕ್ಕಾಗುತ್ತದೆ.

ಹಾಗೆ ತಂದ ಮರಿಗಳನ್ನು ಎಂಟು ವಾರದವರೆಗೆ ನಿಮ್ಮ ಮನೆಯ ಒಂದು ಕೋಣೆಯಲ್ಲೋ ಬಚ್ಚಲುಮನೆಯಲ್ಲೋ ಇಟ್ಟು ಪಳಗಿಸುವುದನ್ನು ಇಲ್ಲಿ ಫಾಸ್ಟರ್ ಎನ್ನುತ್ತಾರೆ. ಶೆಲ್ಟರ್‌ಗಳಲ್ಲಿ ಮರಿಗಳ ಸಾವನ್ನು ಕಡಿಮೆ ಮಾಡಿದ ಉಪಾಯಗಳಲ್ಲಿ ಇದಕ್ಕಿಂತ ಪರಿಣಾಮಕಾರಿಯಾದದ್ದನ್ನು ನಾನು ಕಂಡಿಲ್ಲ. ಮರಿಗಳು ಶೆಲ್ಟರ್‌ನ ಹೆಸರಿನಲ್ಲಿರುತ್ತವೆ, ನಿಮ್ಮ ಮನೆಯಲ್ಲಿ ಬೆಳೆಯುತ್ತವೆ. ಆಹಾರ, ಲಸಿಕೆ, ಔಷಧಗಳನ್ನು ಹೆಚ್ಚಿನ ಸಂಸ್ಥೆಗಳು ತಾವೇ ಕೊಡುತ್ತವೆ. ಸುಮಾರು 900 ಗ್ರಾಂ ತೂಕ ಬಂದಾಗ ಶಸ್ತ್ರಚಿಕಿತ್ಸೆ ಮಾಡಿ ದತ್ತು ಕೊಡುತ್ತಾರೆ. ಆದ್ದರಿಂದ ಸ್ಥಳೀಯ ಸಂಸ್ಥೆಗೆ ಫೋನ್ ಮಾಡಿದಾಗ "ನಾಲ್ಕು ಮರಿಗಳಿವೆ, ತೆಗೆದುಕೊಂಡು ಹೋಗಿ" ಎನ್ನಬೇಡಿ. "ನಾಲ್ಕು ಮರಿಗಳಿವೆ, ನಾವೇ ಫಾಸ್ಟರ್ ಮಾಡುತ್ತೇವೆ, ನಿಮ್ಮ ನೆರವು ಬೇಕು" ಎನ್ನಿ. ಎರಡು ಮಾತಿಗೆ ಸಿಗುವ ಉತ್ತರವೇ ಬೇರೆ. ಬಾಡಿಗೆ ಕರಾರಿನಲ್ಲಿ ಪ್ರಾಣಿಗಳ ಬಗ್ಗೆ ಏನಿದೆಯೆಂದು ಮೊದಲು ನೋಡಿಕೊಳ್ಳಿ. ಮರಿಗಳಿಂದ ಹುಳುಕಡ್ಡಿ ಎಂಬ ಚರ್ಮರೋಗ ಮನೆಯವರಿಗೆ ತಗಲಬಹುದು, ಮತ್ತು ಮನೆಯಲ್ಲಿ ಗರ್ಭಿಣಿಯರಿದ್ದರೆ ಬೆಕ್ಕಿನ ಮಲದ ತಟ್ಟೆಯನ್ನು ಬೇರೆಯವರು ಶುಚಿಮಾಡಬೇಕು.

ತಾಯಿಯನ್ನು ಬರಿಗೈಯಲ್ಲಿ ಹಿಡಿಯುವ ಪ್ರಯತ್ನ ಬೇಡವೇ ಬೇಡ. ಬೆಕ್ಕಿನ ಕಡಿತ ಸಣ್ಣದಾಗಿ ಕಂಡರೂ ಆಳಕ್ಕೆ ಇಳಿದಿರುತ್ತದೆ, ಒಂದೇ ದಿನದಲ್ಲಿ ಕೈ ಬಾತು ಆಸ್ಪತ್ರೆಗೆ ಸೇರಬೇಕಾದೀತು. ಅದಕ್ಕಿಂತ ಮುಖ್ಯವಾಗಿ, ಮನುಷ್ಯರನ್ನು ಕಚ್ಚಿದ ಬೆಕ್ಕನ್ನು ರೇಬಿಸ್ ನಿಯಮದಂತೆ ಹತ್ತು ದಿನ ಪ್ರತ್ಯೇಕವಾಗಿಟ್ಟು ಗಮನಿಸಬೇಕಾಗುತ್ತದೆ. ವಾರಸುದಾರರಿಲ್ಲದ ಬೆಕ್ಕಾದರೆ ಕೊಂದು ಮಿದುಳನ್ನು ಪರೀಕ್ಷಿಸುವ ನಿರ್ಧಾರಕ್ಕೂ ಬರಬಹುದು. ಪ್ರೀತಿಯಿಂದ ಚಾಚಿದ ಕೈಯೇ ಆ ಬೆಕ್ಕಿನ ಪ್ರಾಣಕ್ಕೆ ಎರವಾದ ಪ್ರಸಂಗಗಳನ್ನು ನಾನು ನೋಡಿದ್ದೇನೆ. ಬೋನನ್ನು ಸ್ಥಳೀಯ ಸಂಸ್ಥೆಗಳಿಂದ ಎರವಲು ಪಡೆಯಬಹುದು. ಮೊದಲು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿಕೊಳ್ಳಿ, ಆಮೇಲೆ ಬೋನು ಇಡಿ. ಅದಕ್ಕೂ ಮುಂಚಿನ ವಾರ ನಿಗದಿತ ಹೊತ್ತಿನಲ್ಲಿ ಮಾತ್ರ ಆಹಾರ ಕೊಟ್ಟು, ಹಿಡಿಯುವ ಹಿಂದಿನ ಊಟವನ್ನು ತಪ್ಪಿಸಿ. ಬೋನಿನಲ್ಲಿ ಘಮ್ಮೆನ್ನುವ ಮೀನು ಇಟ್ಟರೆ ಸಾಕು. ಬೋನನ್ನು ಇಟ್ಟು ಮನೆಗೆ ಹೋಗಬೇಡಿ, ದೂರದಲ್ಲಿ ಕಾಯಿರಿ. ಬೆಕ್ಕು ಸಿಕ್ಕ ಕೂಡಲೇ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಮರಿಗಳು ಇನ್ನೂ ಹಾಲು ಕುಡಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಹಾಲೂಡುವ ಬೆಕ್ಕಿಗೂ ಶಸ್ತ್ರಚಿಕಿತ್ಸೆ ಮಾಡಬಹುದು, ಹಾಲು ಬತ್ತುವುದಿಲ್ಲ. ಅರಿವಳಿಕೆಯಲ್ಲಿರುವಾಗಲೇ ರೇಬಿಸ್ ಲಸಿಕೆ ಹಾಕಿ, ಎಡಗಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರ್ ಕತ್ತರಿಸುತ್ತಾರೆ. ಬೆಂಗಳೂರಿನಲ್ಲಿ ಸಂತಾನಹರಣವಾದ ಬೀದಿನಾಯಿಗಳ ಕಿವಿಯಲ್ಲಿ ನೀವು ಕಂಡಿರುವ ಗುರುತಿನ ಉದ್ದೇಶವೇ ಇದಕ್ಕೂ ಇದೆ: ಇದೇ ಬೆಕ್ಕನ್ನು ಯಾರೂ ಮತ್ತೆ ಹಿಡಿದು ಹೊಟ್ಟೆ ಕೊಯ್ಯದಿರಲಿ ಎಂದು. ಆ ರಾತ್ರಿ ಬೋನಿನಲ್ಲಿಯೇ ಬೆಚ್ಚಗಿನ ಜಾಗದಲ್ಲಿಟ್ಟು, ಪೂರ್ತಿ ಎಚ್ಚರವಾದ ಮೇಲೆ ಹಿಡಿದಲ್ಲಿಯೇ ಬಿಡಿ. ದೂರದ ತೋಟಕ್ಕೋ ಉದ್ಯಾನಕ್ಕೋ ಬಿಡಲು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಬೆಕ್ಕು ಹಳೆಯ ಜಾಗವನ್ನು ಹುಡುಕುತ್ತ ಹೊರಟು ರಸ್ತೆಯಲ್ಲಿ ಸಾಯುವುದೇ ಹೆಚ್ಚು. ಮೇಲಾಗಿ ಪ್ರಾಣಿಯನ್ನು ಹಾಗೆ ತೊರೆದುಬಿಡುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ.

ಹೊರಗೆ ಬಿಟ್ಟ ಬೆಕ್ಕಿನಿಂದ ಹಕ್ಕಿಗಳಿಗೆ ಹಾನಿಯಿಲ್ಲವೇ ಎಂದರೆ, ಇದೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಹಕ್ಕಿಪ್ರೇಮಿ ಸಂಘಟನೆಗಳ ದಾವೆಯಿಂದಾಗಿ ನಗರದ ಇಂಥ ಕಾರ್ಯಕ್ರಮಕ್ಕೆ 2010ರಲ್ಲಿ ನ್ಯಾಯಾಲಯದ ತಡೆ ಬಿದ್ದು, ಪರಿಸರ ಪರಿಣಾಮದ ವರದಿ ಸಿದ್ಧಪಡಿಸಿ ಅದು ಮುಂದುವರಿಯಲು 2020ರವರೆಗೆ ಕಾಯಬೇಕಾಯಿತು. ಆ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಅಪರೂಪದ ಹಕ್ಕಿಗಳು ಗೂಡುಕಟ್ಟುವ ಜೌಗುಪ್ರದೇಶದ ಅಂಚಿನಲ್ಲಿ ಬೆಕ್ಕುಗಳನ್ನು ಮರಳಿ ಬಿಡುವುದನ್ನು ನಾನೂ ಒಪ್ಪುವುದಿಲ್ಲ. ನಿಮ್ಮದು ಕಾರು ನಿಲ್ಲಿಸುವ ಜಾಗ. ಅಲ್ಲಿ ಮರಿ ಹಾಕುತ್ತಲೇ ಇರುವ ಬೆಕ್ಕಿಗಿಂತ ಮರಿ ಹಾಕದ ಒಂದು ಬೆಕ್ಕು ಹಕ್ಕಿಗಳಿಗೂ ಮೇಲು. ಪಳಗಿದ ಮರಿಗಳನ್ನು ಮಾತ್ರ ಮನೆಯೊಳಗೇ ಸಾಕುವವರಿಗೆ ಕೊಡಿ.

ಮ್ಯಾನೇಜರ್ ಅವರ ಬಳಿ ಬರವಣಿಗೆಯಲ್ಲಿ ಆರು ವಾರದ ಕಾಲಾವಕಾಶ ಕೇಳಿ. ಮರಿಗಳನ್ನು ಯಾವಾಗ ತೆಗೆಯುತ್ತೀರಿ, ತಾಯಿಗೆ ಯಾವ ದಿನ ಶಸ್ತ್ರಚಿಕಿತ್ಸೆ, ಯಾವ ಸಂಸ್ಥೆಯ ನೆರವಿದೆ ಎಂದು ನಿರ್ದಿಷ್ಟವಾಗಿ ಬರೆದರೆ, ನನ್ನ ಅನುಭವದಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದೆ ಅನಿಮಲ್ ಕಂಟ್ರೋಲ್‌ನವರನ್ನು ಕರೆಸಿಯೇಬಿಟ್ಟರೆ, ತಾಯಿಮರಿಗಳನ್ನು ಒಟ್ಟಿಗೇ ಹಿಡಿಯಬೇಕೆಂದು ಕೇಳಿಕೊಳ್ಳಿ, ಅವುಗಳಿಗೆ ಕೊಟ್ಟ ನೋಂದಣಿ ಸಂಖ್ಯೆಯನ್ನು ಬರೆದುಕೊಂಡು ಅದೇ ದಿನ ಶೆಲ್ಟರ್‌ಗೆ ಹೋಗಿ ಫಾಸ್ಟರ್‌ಗೆ ಹೆಸರು ಕೊಡಿ. ಕೊಲ್ಲಲು ನಿಗದಿಯಾದ ಬೆಕ್ಕನ್ನು ರಕ್ಷಣಾ ಸಂಸ್ಥೆಯೊಂದು ಕೇಳಿದರೆ ಅದಕ್ಕೆ ಒಪ್ಪಿಸಬೇಕೆಂದು ಹೇಡನ್ ಕಾಯ್ದೆ ಹೇಳುತ್ತದೆ, ಆದ್ದರಿಂದ ಅಂಥ ಸಂಸ್ಥೆಯೊಂದರ ಜೊತೆ ಮುಂಚಿತವಾಗಿಯೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಅತ್ತೆಯವರು ಇಡುತ್ತಿರುವ ಹಾಲು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ, ಎಳೆಮರಿಗೆ ಆ ಭೇದಿ ಪ್ರಾಣಾಂತಿಕ. ತಾಯಿಗೆ ಮರಿಗಳ ಡಬ್ಬಿ ಆಹಾರವನ್ನೇ ಕೊಡಿ, ಅದರಲ್ಲಿ ಹಾಲೂಡುವ ಬೆಕ್ಕಿಗೆ ಬೇಕಾದ ಶಕ್ತಿಯಿದೆ, ಪಕ್ಕದಲ್ಲಿ ನೀರಿರಲಿ. ದಿನಕ್ಕೆ ಎರಡು ಹೊತ್ತು ಇಟ್ಟು ಅರ್ಧ ಗಂಟೆಯಲ್ಲಿ ತಟ್ಟೆ ತೆಗೆದರೆ ಇರುವೆ, ರಕೂನ್ ಬರುವುದಿಲ್ಲ, ನೆರೆಯವರ ದೂರೂ ಇರುವುದಿಲ್ಲ. ಈ ಕೆಲಸವನ್ನು ಅತ್ತೆಯವರಿಗೇ ಒಪ್ಪಿಸಿ. ದಿನಾ ಒಂದೇ ಹೊತ್ತಿಗೆ ಅಲ್ಲಿ ನಿಲ್ಲುವವರ ಕಣ್ಣಿಗೇ ಕಿವಿಯ ಗುರುತಿಲ್ಲದ ಹೊಸ ಬೆಕ್ಕು ಮೊದಲು ಬೀಳುವುದು, ಮತ್ತು ಅದನ್ನು ಕಂಡ ತಿಂಗಳಲ್ಲೇ ಮತ್ತೆ ಬೋನು ತರಬೇಕಾಗುತ್ತದೆ.